ಒಂದು ಹಿಡಿ ತಳದ ಕೆಸರು

ಗೆಳೆಯರೇ, ಮೋಜಿಗಾಗಿ ನೀರಿಗಿಳಿಯುವವರಿಗೆ ಎಷ್ಟು ಪರೀಕ್ಷೆ ಬೇಕು ಹೇಳಿ? ಮೊಮ್ಮಗಳು ಮಾಲವಣದ ಸಮುದ್ರದಲ್ಲಿ ಸ್ಕೂಬಾ ಕಲಿತು ಪ್ರಮಾಣಪತ್ರ ತಂದಿದ್ದಾಳೆ. ಇನ್ನಷ್ಟು ಆಳಕ್ಕೆ ಇಳಿಯಲು ಎರಡನೆಯದೂ ಬೇಕಂತೆ, ಅದಕ್ಕೆ ಮತ್ತೆ ಹೋಗುತ್ತಾಳಂತೆ. ಇವತ್ತು ಬೆಳಿಗ್ಗೆ ನಾನು ಕಳಿಸುವುದಿಲ್ಲ ಎಂದೆ. ಎಪ್ಪತ್ತರ ದಶಕದಲ್ಲಿ ಗಡಿಯಾಚೆಯ ನಮ್ಮೂರು ಚಪಳಗಾಂವದ ಬಾವಿಯಲ್ಲಿ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವರು ನಾವು, ನಮ್ಮನ್ನು ಯಾರೂ ಕಾಗದ ಕೇಳಲಿಲ್ಲ ಎಂದು ಗುಡುಗಿದೆ.

ಶೇಂಗಾ ಸುಲಿಯುತ್ತಿದ್ದ ನನ್ನ ತಂಗಿ ಸುಮಿತ್ರಾ ತಲೆ ಎತ್ತಲಿಲ್ಲ.

"ಅಣ್ಣಾ, ಬಾವಿ ಮ್ಯಾಲಿನ ಕಲ್ಲಿಂದ ಜಿಗೀತೀನಿ ಅಂದಾಗ ನನ್ನ ತಡದಾಂವ ಯಾರು? ಮದಲ ಮುಳುಗಿ ತಳದ ಕೆಸರು ತಂದು ತೋರಿಸು ಅಂದಿ. ತೋರಿಸಿದ್ನಿ. ಇದು ಮೆಟ್ಟಲ ಮ್ಯಾಲಿನ ಕೆಸರು, ಪುನ್ಹಾ ಮುಳುಗು ಅಂದಿ. ಅದು ಎರಡನೇ ಪರೀಕ್ಷಾ ಅಲ್ಲೇನು?"

"ಖರೇನ ಅಜ್ಜಾ?" ಎಂದಳು ಮೊಮ್ಮಗಳು.

"ಹೋಗಿ ಬಾ," ಎಂದೆ. "ಘಾಯಿ ಮಾಡಬ್ಯಾಡ, ಸಾವಕಾಶ ಇಳಿ."

"ಬರೂಮುಂದ ಕೆಸರು ತಗೊಂಡ್ ಬಾರವ್ವಾ," ಎಂದಳು ತಂಗಿ. "ಇಲ್ಲಂದ್ರ ನಿಮ್ಮಜ್ಜ ನಂಬಂಗಿಲ್ಲ."

ಮೊದಲ ಸಲ ಸುಮಿತ್ರಾ ತಂದದ್ದೂ ತಳದ ಕೆಸರೇ. ನನಗೆ ಆಗಲೇ ಗೊತ್ತಿತ್ತು. ಅಷ್ಟು ಮೇಲಿನಿಂದ ಜಿಗಿದರೆ ತಂಗಿಗೆ ಏನಾದರೂ ಆದೀತೆಂದು ಹೆದರಿದ್ದೆ. ಇದನ್ನು ಧೈರ್ಯವಾಗಿ ಇಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಅವಳು ಕಲಿತದ್ದು ಮರಾಠಿ ಶಾಲೆಯಲ್ಲಿ, ಕನ್ನಡ ಓದಲು ಬಾರದು. ದಯವಿಟ್ಟು ಯಾರೂ ಅವಳಿಗೆ ಓದಿ ಹೇಳಬೇಡಿ.