ಮೂವರಿಗೆ ನಾಲ್ಕು ಬಟ್ಟಲು

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದಷ್ಟು ವರ್ಷ ಹಾಸನದ ಒಂದು ಓಣಿಯಲ್ಲಿ ಥಾಯ್ ಹೋಟೆಲಿತ್ತು ಎಂದರೆ ಈಗ ಯಾರೂ ನಂಬುವುದಿಲ್ಲ. ಕೊಣನೂರಿನವನೊಬ್ಬ ದುಬೈನಲ್ಲಿ ಅಡುಗೆ ಕೆಲಸಕ್ಕಿದ್ದಾಗ, ಜೊತೆಯಲ್ಲೇ ಕೆಲಸಕ್ಕಿದ್ದ ಥಾಯ್ಲೆಂಡಿನ ಹೆಂಗಸನ್ನು ಮದುವೆಯಾಗಿ ಕರೆತಂದಿದ್ದ. ಐದು ಟೇಬಲ್ಲು, ಗೋಡೆಯ ಮೇಲೊಂದು ಬುದ್ಧನ ಪಟ. ಬಂದವರೆಲ್ಲ ಕೇಳುತ್ತಿದ್ದದ್ದು ಗೋಬಿ ಮಂಚೂರಿ. ಹೊಟ್ಟೆಪಾಡಿಗೆಂದು ಗಂಡ ಅದನ್ನೂ ಬೋರ್ಡಿನಲ್ಲಿ ಬರೆಸಿದ್ದ. ಹೆಂಡತಿ ಮುಖ ಗಂಟು ಹಾಕಿಕೊಂಡೇ ಕರಿಯುತ್ತಿದ್ದಳು.

ಅವಳ ಕನ್ನಡ ಅತ್ತೆಯಿಂದ ಕಲಿತದ್ದು, ಅಪ್ಪಟ ಕೊಣನೂರಿನದು. ನಾನು ಮೊದಲ ಸಲ ಹೋದಾಗ ಮೆನುವಿನಲ್ಲಿ ತಲೆಬುಡ ತಿಳಿಯದೆ ಕೂತಿದ್ದೆ. ಅವಳೇ ಬಂದು, "ಒಬ್ರೇನಾ ಅಕ್ಕ?" ಎಂದಳು.

ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿಕೊಂಡು, ಮದುವೆಯಿಲ್ಲದೆ, ಅಮ್ಮ ಹೋದ ಮೇಲೆ ಒಂದು ಕೋಣೆಯ ಬಾಡಿಗೆ ಮನೆಯಲ್ಲಿದ್ದ ನನಗೆ ಆ ಪ್ರಶ್ನೆ ಹೊಸದಲ್ಲ. ಬೇರೆ ಹೋಟೆಲುಗಳಲ್ಲಿ ಹೆಂಗಸೊಬ್ಬಳೇ ಹೋದರೆ ಪರದೆ ಸರಿಸಿ ಫ್ಯಾಮಿಲಿ ರೂಮಿಗೆ ಕಳಿಸುತ್ತಿದ್ದರು. ಎಷ್ಟೋ ಸಲ ನಾನೊಬ್ಬಳೇ ಒಂದು ಫ್ಯಾಮಿಲಿಯಾಗಿ ಕೂತು ಮಸಾಲೆ ದೋಸೆ ತಿಂದು ಬಂದಿದ್ದೇನೆ.

"ಒಬ್ರಿಗಾದ್ರೆ ಕಾಮಕಸ್ತೂರಿ ಸೊಪ್ಪು ಹಾಕಿ ಅನ್ನ ಉರ್ದು ಕೊಡ್ತೀನಿ. ಮಿಕ್ಕಿದ್ದೆಲ್ಲ ಒಬ್ರು ತಿನ್ನೋವಲ್ಲ ಕಣಕ್ಕ" ಎಂದಳು.

ಕೇಳಿದ್ದಕ್ಕೆ ವಿವರಿಸಿದಳು. ಎಷ್ಟು ಜನವೋ ಅದಕ್ಕಿಂತ ಒಂದು ಬಟ್ಟಲು ಜಾಸ್ತಿ ತರಿಸಬೇಕಂತೆ. ಹುಳಿಯದೊಂದು, ತೆಂಗಿನ ಹಾಲಿನದೊಂದು, ಹುರಿದದ್ದೊಂದು, ಹಸಿಯದೊಂದು. ಅನ್ನ ಮಾತ್ರ ಅವರವರ ತಟ್ಟೆಗೆ, ಉಳಿದದ್ದೆಲ್ಲ ನಡುವೆ. ಒಂದು ಚಮಚ ತೆಗೆದುಕೊಂಡು ತಿನ್ನುವುದು, ಅದೇ ಚಮಚದಲ್ಲಿ ಇನ್ನೊಂದು ಬಟ್ಟಲಿನಿಂದ ತೆಗೆಯುವುದು.

"ಅದೇ ಚಮಚದಲ್ಲಾ?" ಎಂದೆ.

"ಊ ಕಣಕ್ಕ. ಮನೇರೇ ಅಲ್ವಾ?"

ನಾನು ಹೊಳೆನರಸೀಪುರದ ದೇವಸ್ಥಾನದ ಬೀದಿಯಲ್ಲಿ ಬೆಳೆದವಳು. ಎಂಜಲು, ಮುಸುರೆ ಎಂಬ ಮಾತುಗಳನ್ನು ಅಕ್ಷರಾಭ್ಯಾಸಕ್ಕೂ ಮೊದಲೇ ಕಲಿತವಳು. ಹುರಿದ ಅನ್ನವೇ ಸಾಕು ಎಂದೆ.

ಆಮೇಲೆ ಪ್ರತಿ ಭಾನುವಾರ ಹೋಗತೊಡಗಿದೆ. ಮೀನಿನ ಸಾಸು ಬಿಟ್ಟು, ಬೇರೆ ಬಾಣಲೆಯಲ್ಲಿ ನನ್ನದನ್ನು ಮಾಡಿಕೊಡುತ್ತಿದ್ದಳು. ಒಂದು ದಿನ ಅವಳು ರುಚಿಗೆಂದು ಕೊಟ್ಟ ಹುಳಿ ಸೂಪನ್ನು ಸಾರಿನ ಹಾಗೆ ಅನ್ನಕ್ಕೆ ಸುರಿದುಕೊಂಡು, ಅದರಲ್ಲಿ ಪರಿಮಳಕ್ಕಷ್ಟೇ ಹಾಕಿದ್ದ ಮಜ್ಜಿಗೆಹುಲ್ಲಿನ ದಂಟನ್ನು ನುಗ್ಗೇಕಾಯಿಯಂತೆ ಅಗಿದೆ. ಅವಳು ಗೋಡೆ ಹಿಡಿದುಕೊಂಡು ನಕ್ಕಳು. ವಾರದಲ್ಲಿ ನನ್ನ ಎದುರು ಯಾರಾದರೂ ನಕ್ಕರೆ ಅದು ಅಲ್ಲೇ. ಕೋಳಿ ಬೇಯುವ ಅಡುಗೆಮನೆ ಎಂದು ಗೊತ್ತಿದ್ದೂ ತಿನ್ನುತ್ತಿದ್ದೆ. ಹೋಟೆಲಿನಲ್ಲಿ ಮಡಿ ಹುಡುಕಬಾರದು ಎಂದು ನನಗೆ ಬೇಕಾದ ಹಾಗೆ ಒಂದು ಶಾಸ್ತ್ರ ಮಾಡಿಕೊಂಡಿದ್ದೆ.

ಹಿಂದೆ ತಮ್ಮನ ಮನೆಯಲ್ಲಿ ಅಂಥ ಯಾವ ಶಾಸ್ತ್ರವೂ ನನಗೆ ಹೊಳೆದಿರಲಿಲ್ಲ. ನನಗಿದ್ದವನು ಅವನೊಬ್ಬನೇ. ತೊಂಬತ್ತರ ದಶಕದ ಕೊನೆಯಲ್ಲಿ ಚನ್ನರಾಯಪಟ್ಟಣದಲ್ಲಿ ತನ್ನ ಆಫೀಸಿನಲ್ಲೇ ಇದ್ದ ಹುಡುಗಿಯನ್ನು ಮದುವೆಯಾಗಿದ್ದ. ನಮ್ಮ ಜಾತಿಯವಳಲ್ಲ. ಅವಳ ಅಜ್ಜ ನಮ್ಮ ಬೀದಿಯೊಳಗೆ ಕಾಲಿಡುವ ಹಾಗಿರಲಿಲ್ಲ. ಅಮ್ಮ ಮಗನ ಮನೆಗೆ ಹೋಗಲೇ ಇಲ್ಲ. ನಾನು ಹೋದೆ, ದೊಡ್ಡ ಮನಸ್ಸು ಮಾಡಿದವಳ ಹಾಗೆ. ಆ ಹುಡುಗಿ ಒಬ್ಬಟ್ಟು ಮಾಡಿ, ಎಲೆ ಹಾಕಿ ಕಾದಿದ್ದಳು. ಬಸ್ಸಿನಲ್ಲಿ ತಲೆಸುತ್ತು ಬಂತು ಎಂದು ಸುಳ್ಳು ಹೇಳಿ ಒಂದು ಬಾಳೆಹಣ್ಣು ಸುಲಿದು ತಿಂದೆ. ಅವಳು ಎಲೆ ಎತ್ತಿದಳು. ಬಸ್ ಹತ್ತಿಸಲು ಬಂದ ತಮ್ಮ, "ಇನ್ಮೇಲೆ ತೊಂದ್ರೆ ತಗೋಬೇಡ ಅಕ್ಕ" ಎಂದ. ಅಮ್ಮನ ಕರ್ಮಕ್ಕೆ ಬಂದದ್ದು ಬಿಟ್ಟರೆ ಎಂಟು ವರ್ಷ ನನ್ನ ಕಡೆ ತಲೆ ಹಾಕಲಿಲ್ಲ.

ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳುವ ಅಭ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಆದರೆ ಅವರಿಬ್ಬರ ಜೊತೆ ಒಂದೇ ಬಟ್ಟಲಿಗೆ ಚಮಚ ಹಾಕಿ ಉಂಡರೆ ಹೇಳಿದ ಹಾಗೇ ಆಗುತ್ತದಲ್ಲ ಎಂದು ಒಂದು ದಿನ ಹೊಳೆಯಿತು. ಫೋನ್ ಮಾಡಿ, ಭಾನುವಾರ ಮಧ್ಯಾಹ್ನ ಇಬ್ಬರೂ ಥಾಯ್ ಹೋಟೆಲಿಗೆ ಊಟಕ್ಕೆ ಬನ್ನಿ ಎಂದೆ.

"ನೋಡ್ತೀನಿ ಅಕ್ಕ" ಎಂದ. ನಮ್ಮ ಕಡೆ ನೋಡ್ತೀನಿ ಎಂದರೆ ಬರುವುದಿಲ್ಲ ಎಂದೇ ಅರ್ಥ. ಆದರೂ ಭಾನುವಾರ ಹೋಗಿ ಮೂವರಿಗೆ ನಾಲ್ಕು ಬಟ್ಟಲು ಹೇಳಿದೆ: ಹುಳಿ ಸೂಪು, ಪರಂಗಿಕಾಯಿ ಕುಟ್ಟಿದ ಕೋಸಂಬರಿ, ತೆಂಗಿನ ಹಾಲಿನಲ್ಲಿ ಬದನೆಕಾಯಿ, ಹುರಿದ ಹುರುಳಿಕಾಯಿ. "ಇವತ್ತು ಸರ್ಯಾಗಿ ಯೋಳಿದ್ರಿ ಕಣಕ್ಕ" ಎಂದು ಹೋಟೆಲಿನವಳು ಕುಣಿದುಕೊಂಡೇ ಒಳಗೆ ಹೋದಳು.

ಒಂದು ಗಂಟೆಯಾಯಿತು, ಎರಡಾಯಿತು. ಫೋನ್ ರಿಂಗಾಗುತ್ತಿತ್ತು, ಯಾರೂ ಎತ್ತಲಿಲ್ಲ. ಎರಡೂವರೆಗೆ ಅವಳು ಬಟ್ಟಲುಗಳನ್ನು ಬಿಸಿ ಮಾಡಿ ತಂದಿಟ್ಟಳು. ಮೂರು ತಟ್ಟೆ ನೋಡಿ ನನಗೆ ಅಳು ಬಂತು. ಅವಳು ಒಳಗೆ ಹೋಗಿ ತನ್ನದೊಂದು ಚಮಚ ತಂದು ನನ್ನೆದುರು ಕೂತಳು.

"ನಮ್ಮೂರಲ್ಲಿ ಇದ್ನ ಒಬ್ರೇ ಉಣ್ಣಕ್ಕೆ ಬುಡಾಕಿಲ್ಲ ಅಕ್ಕ. ನಂಗಾದ್ರೂ ಇಲ್ಲಿ ಯಾರವ್ರೆ?"

ಬದನೆಕಾಯಿಯ ಬಟ್ಟಲಿನಿಂದ ಒಂದು ಚಮಚ ತೆಗೆದು ತಿಂದಳು. ಅದೇ ಚಮಚ ಮತ್ತೆ ಬಟ್ಟಲಿನತ್ತ ಬಂತು. ನನ್ನ ಕೈ ಬಟ್ಟಲನ್ನು ನನ್ನ ಕಡೆ ಎಳೆದುಕೊಂಡಿತು. ಒಂದು ಗೇಣಷ್ಟೇ. ನಾನು ಯೋಚಿಸಿ ಮಾಡಿದ್ದಲ್ಲ, ಅದಕ್ಕೇ ನಾಚಿಕೆ ಹೆಚ್ಚು.

ಅವಳು ಚಮಚವನ್ನು ತಟ್ಟೆಯ ಮೇಲಿಟ್ಟಳು. ನನ್ನ ಮುಖ ನೋಡಿದಳು. "ಉಣ್ಣಿ, ತಣ್ಣಗಾಯ್ತದೆ" ಎಂದು ಎದ್ದು ತಟ್ಟೆ ತೆಗೆದುಕೊಂಡು ಒಳಗೆ ಹೋದಳು.

ಸಂಜೆ ತಮ್ಮನೇ ಫೋನ್ ಮಾಡಿದ. "ಹೊರಟೇ ಇದ್ವಿ ಅಕ್ಕ. ಅವಳು ಸೀರೆ ಉಟ್ಟು ರೆಡಿಯಾಗಿದ್ಲು. ಬಾಗಿಲ ಹತ್ರ ಬಂದು, ಅಲ್ಲೂ ಹಾಗೇ ಆದ್ರೆ ನನ್ ಕೈಲಿ ಆಗಲ್ಲ ಅಂತ ಕೂತ್‌ಬಿಟ್ಲು. ಅಕ್ಕ ಈಗ ಹಾಗಿಲ್ಲ ಕಣೇ ಅಂತ ಎಷ್ಟೋ ಹೇಳ್ದೆ. ಪಕ್ಕದಲ್ಲೇ ಇದಾಳೆ, ನೀನೇ ಒಂದು ಮಾತು ಹೇಳ್ಬಿಡು."

ಫೋನ್ ಕೈ ಬದಲಾದ ಸದ್ದಾಯಿತು. ಆ ಕಡೆ ಅವಳು ಉಸಿರಾಡುವುದು ಕೇಳುತ್ತಿತ್ತು. ಮಧ್ಯಾಹ್ನ ಬಟ್ಟಲು ಎಳೆದುಕೊಂಡ ಕೈಯಲ್ಲೇ ನಾನು ಫೋನ್ ಹಿಡಿದಿದ್ದೆ. ನನ್ನ ಮಾತಿಗೆ ಕಾದು ಕಾದು, ಅವಳೇ ಮೆಲ್ಲಗೆ ಫೋನಿಟ್ಟಳು.