ಮಂಕಿ ಕ್ಯಾಪಿನ ಮೇಲೆ ಹೆಡ್‌ಫೋನು

ಅಂಗಡಿಯ ಮುಂದೆ ನಿಂತು ಎರಡು ನಿಮಿಷ ಹೆಡ್‌ಫೋನು ಹಾಕಿಕೊಂಡು, ತಲೆ ಅಲ್ಲಾಡಿಸಿ, ಇದು ಒಳ್ಳೆಯದು ಅದು ಕೆಟ್ಟದ್ದು ಎಂದು ತೀರ್ಪು ಕೊಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಎರಡು ನಿಮಿಷಕ್ಕೆ ಯಾವ ಚಪ್ಪಲಿಯೂ ಕಚ್ಚುವುದಿಲ್ಲ. ಇಡೀ ಕಿವಿ ಮುಚ್ಚುವ ದೊಡ್ಡ ಹೆಡ್‌ಫೋನಿನ ಬಂಡವಾಳ ತಿಳಿಯಬೇಕಾದರೆ ಅದನ್ನು ಹಾಕಿಕೊಂಡು ಮೂರು ಗಂಟೆ ಕೂತು ಕೆಲಸ ಮಾಡಬೇಕು. ಕಿವಿ ಬೆವರಬೇಕು, ನೆತ್ತಿ ನೋಯಬೇಕು, ಪಕ್ಕದಲ್ಲಿ ನಿಂತವರು ಕರೆದೂ ಕರೆದೂ ಸಿಟ್ಟಾಗಿ ಹೋಗಬೇಕು. ಆಮೇಲೆ ಮಾತಾಡಲಿ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಕೆಲವು ವರ್ಷ ಎಸ್ಟೇಟಿನ ಕಣದಲ್ಲಿ ಕಾಫಿ ಹರವಿದೆ, ಮೂಟೆ ಹೊತ್ತೆ. ಆಮೇಲೆ ಯಸಳೂರಿನಲ್ಲಿ ಒಂದು ಮಳಿಗೆ ಹಿಡಿದು ಮೈಕ್ ಸೆಟ್ ಬಾಡಿಗೆಗೆ ಕೊಡತೊಡಗಿದೆ. ಮದುವೆ, ನಾಮಕರಣ, ಚುನಾವಣೆಯ ಭಾಷಣ, ಎಲ್ಲಕ್ಕೂ ನನ್ನದೇ ಹಾರನ್ ಸ್ಪೀಕರು. ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಸುಟ್ಟ ಆಂಪ್ಲಿಫೈಯರ್ ಬಿಚ್ಚಿ ನೋಡಿ ಕಲಿತೆ, ಶಾಕ್ ಹೊಡೆಸಿಕೊಂಡು ಕಲಿತೆ. ತೊಂಬತ್ತರ ದಶಕದ ನಡುವಿಗೆ ಕ್ಯಾಸೆಟ್ಟಿಗೆ ರೆಕಾರ್ಡ್ ಮಾಡಿಕೊಡುವ ಕೆಲಸವೂ ಸೇರಿಕೊಂಡಿತು.

ನನ್ನ ಹೆಡ್‌ಫೋನು ಸೆಕೆಂಡ್ ಹ್ಯಾಂಡ್. ಹಾಸನದಲ್ಲಿ ಅಂಗಡಿ ಮುಚ್ಚುತ್ತಿದ್ದ ಒಬ್ಬರಿಂದ ತಂದದ್ದು. ಕಿವಿಯ ಮೆತ್ತೆಯ ರೆಕ್ಸಿನ್ ಸುಲಿದುಹೋಗಿತ್ತು. ನನ್ನ ಹೆಂಡತಿ ಹಳೆಯ ಬನಿಯನ್ ಕತ್ತರಿಸಿ, ಒಳಗೆ ಬೂರುಗದ ಹತ್ತಿ ತುಂಬಿ ಹೊಸ ಮೆತ್ತೆ ಹೊಲಿದುಕೊಟ್ಟಳು. ನೋಡಲು ಕಿವಿಗೆ ಬಟ್ಟೆಯ ಗಂಟು ಕಟ್ಟಿಕೊಂಡಂತಿತ್ತು, ಆದರೆ ಹಾಕಿಕೊಂಡದ್ದು ನೆನಪೇ ಇರುತ್ತಿರಲಿಲ್ಲ. ದನಿಯಲ್ಲಿ ಅದಕ್ಕೊಂದು ಕೊರತೆಯಿತ್ತು. ಡೋಲಿನ ತಳದ ಗುಮ್ಮೆನ್ನುವ ಸದ್ದು ಅದರಲ್ಲಿ ಅರ್ಧವೂ ಕೇಳುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು. ತಕ್ಕಡಿ ಎಷ್ಟು ಕದಿಯುತ್ತದೆಂದು ಗೊತ್ತಿರುವವನಿಗೆ ಆ ತಕ್ಕಡಿಯಿಂದ ಮೋಸವಿಲ್ಲ.

ಒಂದು ವರ್ಷ ಮಾಘ ಮಾಸದಲ್ಲಿ ವನಗೂರಿನ ಕಡೆಯ ಒಂದು ಎಸ್ಟೇಟ್ ಮನೆಯ ಮದುವೆಗೆ ಕರೆ ಬಂತು. ಮೈಕಿನ ಜೊತೆಗೆ ಇನ್ನೊಂದು ಕೆಲಸವಿತ್ತು. ಮದುಮಗಳ ಅಜ್ಜಿಗೆ ಎಂಬತ್ತು ದಾಟಿತ್ತು. ಆಕೆಗೆ ಅತ್ತೆಯಿಂದ ಬಂದ ಸೋಬಾನೆ ಪದಗಳನ್ನು ಪೂರ್ತಿ ಬಲ್ಲವರು ಆಕೆಯ ಹೊರತು ಆ ಸೀಮೆಯಲ್ಲೇ ಯಾರೂ ಉಳಿದಿರಲಿಲ್ಲ. ಅದನ್ನೆಲ್ಲ ಕ್ಯಾಸೆಟ್ ಮಾಡಿಕೊಡಬೇಕೆಂದು ಮದುಮಗಳೇ ನನ್ನನ್ನು ಕೇಳಿಕೊಂಡಿದ್ದಳು. ಅವಳು ಆ ಮನೆಯ ಕೊನೆಯ ಮೊಮ್ಮಗಳು. ಅವಳದಾದ ಮೇಲೆ ಆ ಮನೆಯಲ್ಲಿ ಅಜ್ಜಿ ಹಾಡಲು ಮದುವೆಯೇ ಇರಲಿಲ್ಲ.

ಹಿಂದಿನ ದಿನ ಹೋಗಿ ಪಡಸಾಲೆಯಲ್ಲಿ ಮೈಕು ನಿಲ್ಲಿಸಿ, ದನಿ ಹೊಂದಿಸಿಕೊಳ್ಳಲು ಎರಡು ಸಾಲು ಹಾಡಿ ಎಂದು ಅಜ್ಜಿಯನ್ನು ಕೇಳಿದೆ.

"ಹೊತ್ತಲ್ಲದ ಹೊತ್ನಾಗೆ ಸೋಬಾನೆ ಹಾಡ್ಬಾರ್ದು ಕಣೋ ಮಗಾ" ಎಂದರು. "ನಿನ್ ಡಬ್ಬಿಗೆ ದನಿ ತಾನೇ ಬೇಕಾಗಿರದು? ಬೈತೀನಿ, ತಗ."

ಕಾಫಿ ಕುಯ್ಯಲು ಬಾರದ ಆಳುಗಳಿಂದ ಹಿಡಿದು ಸೊಸೆ ಮಾಡಿದ ಸಾರಿನವರೆಗೆ ಎಲ್ಲವನ್ನೂ ಬೈದರು. ಆ ಬೈಗುಳದಲ್ಲೇ ನಾನು ಮಿಕ್ಸರಿನ ಗುಂಡಿಗಳನ್ನು ಹೊಂದಿಸಿ, ಒಂದೊಂದರ ಪಕ್ಕದಲ್ಲೂ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡೆ.

ಮಾರನೆಯ ದಿನ ಬೆಳಗಿನ ಜಾವ ಅರಿಶಿನ ಹಚ್ಚುವ ಶಾಸ್ತ್ರ. ಬಾಯಿ ಬಿಟ್ಟರೆ ಹೊಗೆ ಬರುವ ಚಳಿ. ಪಡಸಾಲೆಯ ಪಕ್ಕದ ಕೋಣೆಯಲ್ಲಿ ಮಿಕ್ಸರಿನ ಮುಂದೆ ಕೂತಿದ್ದೆ. ಮದುಮಗಳ ಅಕ್ಕನ ಗಂಡ ಒಳಗೆ ಬಂದರು. ಇಂಜಿನಿಯರಿಂಗ್ ಓದಿದವರು. ಮಂಕಿ ಕ್ಯಾಪು, ಅದರ ಕೆಳಗೆ ಮಫ್ಲರು, ಕೈಯಲ್ಲಿ ಹೊಸ ಹೆಡ್‌ಫೋನು. ಕರಿ ಚರ್ಮದ ಮೆತ್ತೆ, ಹೊಳೆಯುವ ಪಟ್ಟಿ. ಒಳ್ಳೆಯ ವಸ್ತು ಎಂದು ಕಂಡ ಕೂಡಲೇ ಗೊತ್ತಾಯಿತು.

"ಇದೇನ್ರೀ, ಕಿವಿಗೆ ಬನಿಯನ್ ಹಾಕಿದೀರಾ?" ಎಂದು ನಕ್ಕರು. "ಏಳಿ, ಇದ್ರಲ್ಲಿ ನಾನು ನೋಡ್ಕೋತೀನಿ."

ಮನೆಯ ಅಳಿಯ. ಎದ್ದು ಜಾಗ ಬಿಟ್ಟೆ. ಅವರು ಕೂತು ಹೆಡ್‌ಫೋನು ಹಾಕಿಕೊಂಡರು, ಮಂಕಿ ಕ್ಯಾಪಿನ ಮೇಲೆ. ಒತ್ತಾದ ಉಣ್ಣೆ, ಅದರ ಮೇಲೆ ಚರ್ಮದ ಮೆತ್ತೆ. ಅಜ್ಜಿ ಹಾಡು ಎತ್ತಿಕೊಂಡರು.

"ಟ್ರೆಬಲ್ಲೇ ಇಲ್ವಲ್ರೀ. ಕಂಬಳಿ ಒಳಗಿಂದ ಹಾಡ್ದಂಗೈತೆ" ಎನ್ನುತ್ತ ದನಿಯ ಚುರುಕು ಏರಿಸುವ ಗುಂಡಿಯನ್ನು ನನ್ನ ಗುರುತು ದಾಟಿಸಿ ತಿರುಗಿಸಿದರು. ದನಿ ಸಾಲದೆಂದು ಅದನ್ನೂ ಏರಿಸಿದರು. ಮೀಟರಿನ ಮುಳ್ಳು ಕೆಂಪಿಗೆ ಹೋಗಿ ಬಡಿಯತೊಡಗಿತು.

"ಸಾರ್, ಮುಳ್ಳು ಕೆಂಪಿಗೆ ಹೊಡೀತೈತೆ, ದನಿ ಒಡೀತದೆ. ಇಳಿಸಿ" ಎಂದೆ.

ಒಂದು ಕಿವಿಯ ಮೆತ್ತೆ ಸರಿಸಿ ಕೇಳಿದರು, "ಎಷ್ಟನೇ ಕ್ಲಾಸ್ ಓದಿದೀರಿ?"

"ಏಳು."

"ನಾನು ಎಲೆಕ್ಟ್ರಾನಿಕ್ಸ್ ಓದಿರೋನು. ಮುಳ್ಳು ನೋಡ್ಕೊಂಡು ಕೂರದಲ್ಲ ಕಣ್ರೀ, ಕಿವೀಲಿ ಕೇಳ್ಬೇಕು."

ನಾನು ಕಾಫಿ ಮೂಟೆ ಹೊರುವಾಗ ಯಾರೂ ಎಷ್ಟನೇ ಕ್ಲಾಸೆಂದು ಕೇಳಿರಲಿಲ್ಲ. ಅವರ ಮದುವೆಯಲ್ಲಿ ಇದೇ ಮೈಕು ಕಟ್ಟಿದಾಗಲೂ ಕೇಳಿರಲಿಲ್ಲ. 'ಸಾರ್, ಟೋಪಿ ತೆಗೆದು ಕೇಳಿ' ಎನ್ನಲು ಎಷ್ಟು ಹೊತ್ತು ಬೇಕಿತ್ತು? ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ಓದಿದವರಲ್ಲವೇ, ಅವರಿಗೇ ತಿಳಿಯಲಿ ಎಂದು ಗೋಡೆಗೆ ಒರಗಿ ಕೈಕಟ್ಟಿ ನಿಂತೆ. ಅರಿಶಿನದ ಹಾಡು ಮೊದಲಿನಿಂದ ಕೊನೆಯವರೆಗೂ ಹಾಗೆಯೇ ಟೇಪಿಗೆ ಹೋಯಿತು.

ಶಾಸ್ತ್ರ ಮುಗಿದು ಹೆಂಗಸರು ಕಾಫಿಗೆ ಎದ್ದರು. ಅಜ್ಜಿ ಕೋಲು ಊರಿಕೊಂಡು ಕೋಣೆಗೇ ಬಂದರು. "ಎಲ್ಲಿ, ಕೇಳ್ಸಿ ನೋಡನ."

ಅಳಿಯಂದಿರು ಟೇಪು ಹಿಂದಕ್ಕೆ ಓಡಿಸಿ, ತಮ್ಮ ಹೆಡ್‌ಫೋನನ್ನು ಪ್ರೀತಿಯಿಂದಲೇ ಅಜ್ಜಿಯ ತಲೆಗೆ ಹಾಕಿದರು. ಆಕೆಯ ಕಿವಿಯ ಮೇಲ್ತುದಿಯಲ್ಲಿ ಬುಗುಡಿ, ಕೆಳಗೆ ಓಲೆ. ಹೊಸ ಪಟ್ಟಿ ಎರಡನ್ನೂ ಒಟ್ಟಿಗೆ ಅಮುಕಿತು.

"ಅಯ್ಯಯ್ಯಪ್ಪಾ! ಕಿವಿ ಕಿತ್ತೋಯ್ತು! ತೆಗೀರಿ ಅಳಿಯಂದ್ರೇ, ಇದೇನ್ ಇಕ್ಕಳನಾ?"

ನನ್ನದನ್ನು ಕೊಟ್ಟೆ. ಬನಿಯನ್ ಮೆತ್ತೆ ಬುಗುಡಿಯ ಸುತ್ತ ಮೆತ್ತಗೆ ಕೂತಿತು. ಸ್ವಲ್ಪ ಹೊತ್ತು ಕೇಳಿದರು.

"ಇದ್ಯಾರ ದನಿ?"

"ನಿಮ್ದೇ ಅಜ್ಜಿ."

"ನಂದಲ್ಲ. ಬಾಣಲೇಲಿ ಸಾಸಿವೆ ಸಿಡ್ದಂಗೈತೆ."

"ಅದು ಇವ್ರ ಹಳೇ ಡಬ್ಬ ಅಜ್ಜಿ, ಅದ್ಕೇ ಹಂಗೆ ಕೇಳ್ತೈತೆ" ಎಂದರು ಅಳಿಯಂದಿರು.

ಅಜ್ಜಿ ಆ ಹೊಸದನ್ನು ತಲೆಗೆ ಹಾಕಿಕೊಳ್ಳದೆ, ಒಂದು ಬದಿಯನ್ನು ಮಾತ್ರ ಕೈಯಲ್ಲಿ ಹಿಡಿದು ಕಿವಿಗೆ ಆನಿಸಿಕೊಂಡರು. "ಇದ್ರಾಗೆ ಇನ್ನೂ ಜೋರಾಗಿ ಸಿಡೀತೈತೆ. ಮೊದ್ಲು ಆ ಕುಲಾವಿ ತೆಗ್ದು ನೀವೇ ಕೇಳಿ. ಕಿವಿ ತುಂಬ ಉಣ್ಣೆ ಹೊದ್ಕಂಡು ಏನ್ ಕೇಳಾಯ್ತದೆ?"

ಮಂಕಿ ಕ್ಯಾಪು ತೆಗೆದು ಕೇಳಿದರು. ಕೆಂಪಗಾದರು. "ಅಜ್ಜಿ, ಇನ್ನೊಂದ್ಸಲ ಹಾಡ್ಬುಡಿ" ಎಂದರು.

"ಅರಿಶಿನ ಹಚ್ಚಾಯ್ತಲ್ಲಪ್ಪ. ಹಚ್ಚಿದ್ ಅರಿಶಿನಕ್ಕೆ ಯಾರಾದ್ರೂ ಮತ್ತೆ ಹಾಡ್ತಾರಾ?" ಆಮೇಲೆ ನನ್ನ ಕಡೆ ತಿರುಗಿದರು. "ನೀನೆಲ್ಲಿ ಹೋಗಿದ್ಯೋ?"

"ಇಲ್ಲೇ ಇದ್ದೆ" ಎಂದೆ.

ಅಜ್ಜಿ ಕೋಲು ಊರಿಕೊಂಡು ಪಡಸಾಲೆಗೆ ತಿರುಗಿದರು. ಉಳಿದ ಹಾಡುಗಳಿಗೆ ನಾನೇ ಕೂತೆ, ಎಲ್ಲವೂ ಚೆನ್ನಾಗಿ ಬಂದವು. ಆದರೆ ಮಧ್ಯಾಹ್ನ ಊಟದ ಪಂಕ್ತಿಯಲ್ಲಿ, ನನಗೆ ಕೇಳುವ ಹಾಗೆಯೇ, ಅಳಿಯಂದಿರು ಪಕ್ಕದವರಿಗೆ ಹೇಳುತ್ತಿದ್ದರು: "ಹಳ್ಳಿ ಮೈಕ್ ಸೆಟ್ ಅಲ್ವಾ, ಮೊದಲ್ನೇ ಹಾಡೇ ಕೆಡಿಸ್ಬುಟ್ಟ." ತಪ್ಪು ಮಾಡುವುದು ಒಂದು, ಅದನ್ನು ಬಡವನ ಡಬ್ಬದ ತಲೆಗೆ ಕಟ್ಟುವುದು ಇನ್ನೊಂದು. ಎದ್ದು ಹೋಗಬೇಕೆನ್ನಿಸಿತು. ಏಳಲಿಲ್ಲ. ಅದು ನಾನು ದುಡಿದು ಉಣ್ಣುತ್ತಿದ್ದ ಊಟ.

ಊಟವಾದ ಮೇಲೆ ಕೋಣೆಯಲ್ಲಿ ಬಿದ್ದಿದ್ದ ಅವರ ಹೆಡ್‌ಫೋನನ್ನು ತಲೆಗೆ ಹಾಕಿಕೊಂಡು, ಚೆನ್ನಾಗಿ ಬಂದ ಹಾಡುಗಳನ್ನು ಕೇಳುತ್ತ ಒಂದು ಗಂಟೆ ಕೂತೆ. ಅದರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ, ಇದ್ದದ್ದನ್ನು ಹೇಳಬೇಕು. ದನಿಯಲ್ಲಿ ಅದು ನನ್ನದಕ್ಕಿಂತ ಎಷ್ಟೋ ಮೇಲು. ಅಜ್ಜಿ ಉಸಿರು ಎಳೆದುಕೊಳ್ಳುವುದು, ಆಕೆಯ ಹಿಂದೆ ಸೊಲ್ಲು ಹಿಡಿದು ಹಾಡುವ ಹೆಂಗಸರಲ್ಲಿ ಒಬ್ಬಾಕೆಯ ಬಳೆ, ಹಿಂದೆಲ್ಲೋ ಹಂಡೆಯ ಮುಚ್ಚಳ, ಎಲ್ಲ ಬಿಡಿಬಿಡಿಯಾಗಿ ಕೇಳಿತು. ಆದರೆ ಅರ್ಧ ಗಂಟೆಗೇ ಕಿವಿಯ ಹಿಂದೆ ನೋವು ಶುರುವಾಯಿತು, ಚರ್ಮದ ಮೆತ್ತೆ ಮಾಘದಲ್ಲೂ ಬೆವರು ಹುಟ್ಟಿಸಿತು. ಕೇಳುವುದಕ್ಕೆ ಅದು, ಕೂರುವುದಕ್ಕೆ ನನ್ನದು. ಹೋಲಿಸುವುದೆಂದರೆ ಇಷ್ಟೇ. ಇದಕ್ಕೆ ಯಾವ ಕ್ಲಾಸೂ ಬೇಕಾಗಿರಲಿಲ್ಲ, ಬರಿಗಿವಿ ಸಾಕಿತ್ತು.

ಮುಂದಿನ ಮಳೆಗಾಲದಲ್ಲಿ ಅಜ್ಜಿ ತೀರಿಕೊಂಡರು. ದೀಪಾವಳಿಗೆ ತವರಿಗೆ ಬಂದಿದ್ದ ಆ ಹುಡುಗಿ ಕ್ಯಾಸೆಟ್ ಹಿಡಿದು ನನ್ನ ಅಂಗಡಿಗೆ ಬಂದಳು.

"ಅಣ್ಣಾ, ಮೊದಲ್ನೇ ಹಾಡು ಒಂದು ಸರಿ ಮಾಡ್ಕೊಡಿ. ಮಿಕ್ಕಿದ್ದೆಲ್ಲ ಚೆನ್ನಾಗೈತೆ."

ಮಾಡಿ ನೋಡಿದೆ. ಚುರುಕು ಇಳಿಸಿದರೆ ಸಿಡಿತ ಕಡಿಮೆಯಾಯಿತು, ಅದರೊಂದಿಗೆ ಮಾತೂ ಮಸುಕಾಯಿತು. ಸೀದ ಅನ್ನಕ್ಕೆ ನೀರು ಹೊಯ್ದರೆ ಅದು ಅನ್ನವಾಗುವುದಿಲ್ಲ. ಆಗುವುದಿಲ್ಲ ಕಣಮ್ಮ ಎಂದೆ. ಅವಳು ಕ್ಯಾಸೆಟ್ಟಿಗೆ ಕೈ ಚಾಚಿದಳು. ಆಗ ಹೇಳಿದೆ:

"ನಿಮ್ ಭಾವ ಟೋಪಿ ಮೇಲೆ ಹಾಕ್ಕೊಂಡಿದ್ದು ನಾನ್ ಮೊದ್ಲೇ ನೋಡಿದ್ದೆ. ಎಷ್ಟನೇ ಕ್ಲಾಸು ಅಂದ್ರಲ್ಲ, ಆ ಸಿಟ್ಗೆ ಹೇಳ್ಲಿಲ್ಲ."

"ಹೇಳ್ಬೋದಿತ್ತಲ್ಲಣ್ಣ" ಎಂದಳು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಆಮೇಲೆ ಬೆಂಚಿನ ಮೇಲೆ ಕೂತು ಒಂದು ಹಾಳೆ ಕೇಳಿದಳು. ನನ್ನ ಹೆಡ್‌ಫೋನನ್ನು ಅವಳ ತಲೆಗೆ ಹಾಕಿದೆ. ನಾನು ಟೇಪು ನಿಲ್ಲಿಸಿ ನಿಲ್ಲಿಸಿ ಹಿಂದಕ್ಕೆ ಓಡಿಸುತ್ತಿದ್ದೆ, ಅವಳು ಕೇಳಿದ್ದನ್ನು ಬರೆಯುತ್ತಿದ್ದಳು. ಮಧ್ಯಾಹ್ನದ ಸಕಲೇಶಪುರದ ಬಸ್ಸು ಹೋಯಿತು, ಅವಳು ಏಳಲಿಲ್ಲ. ಹಾಡಿನ ನಡುವೆ ಅಜ್ಜಿ ದನಿ ಎತ್ತರಿಸುವ ಒಂದು ಜಾಗವಿದೆ. ಅಲ್ಲಿ ಬರೀ ಸಿಡಿತ. ಆರೇಳು ಸಲ ಹಾಕಿದೆವು. ನಾನೂ ಕೇಳಿದೆ. ಏನೂ ಸಿಗಲಿಲ್ಲ.

ಅವಳು ಪೆನ್ನು ಎತ್ತಿ ಹಿಡಿದು ಕೇಳಿದಳು, "ಇಲ್ಲಿ ಎಷ್ಟು ಸಾಲು ಖಾಲಿ ಬಿಡ್ಲಿ ಅಣ್ಣ?"

ರಾಗದ ಅಳತೆ ಹಿಡಿದು ಮನಸ್ಸಿನಲ್ಲೇ ಎಣಿಸಿದೆ. ನಾಲ್ಕು ಎಂದೆ.