ಆಳು ಸಿಗಂಗಿಲ್ರಿ

ಕಣ್ಣಿನ ಪೊರೆ ತೆಗೆಸಿಕೊಂಡು ನಾನು ಧಾರವಾಡದಿಂದ ಮನೆಗೆ ಬಂದ ದಿನ ಗೌಡರು ಗೇಟಿನ ಹತ್ತಿರವೇ ಕಾಯುತ್ತ ನಿಂತಿದ್ದರು. ಪಕ್ಕದ ಹೊಲದವರು. ಹೆಬ್ಬಳ್ಳಿ ರಸ್ತೆಯ ಈ ಒಂಟಿ ಮನೆಗೆ ದಿನಾ ಸಂಜೆ ಬಂದು, ಕಟ್ಟೆಯ ಮೇಲೆ ಕೂತು ಚಹಾ ಕುಡಿದು ಹೋಗುವ ಒಬ್ಬರೇ ಒಬ್ಬ ಮನುಷ್ಯ.

"ಬಾಯಾರ, ನಿಮ್ಮ ಹೊಲದಾಗಿನ ಕಸಾ ಎಲ್ಲಾ ತಗಸೇನ್ರಿ! ಟ್ರ್ಯಾಕ್ಟರ್ ಹೊಡಸಿ ಬದುನೂ ಸ್ವಚ್ಛ ಮಾಡಸೇನಿ. ಈಗ ಹೆಂಗ ಕಾಣತೈತಿ ನೋಡ್ರಿ!"

ನೋಡಿದೆ. ಹೊಸ ಕಣ್ಣಿಗೆ ಎಲ್ಲವೂ ಬಲು ಸ್ಪಷ್ಟವಾಗಿ ಕಾಣುತ್ತಿತ್ತು. ಮನೆಯ ಹಿಂದಿನ ಇಪ್ಪತ್ತು ಗುಂಟೆಯಲ್ಲಿ ಒಂದು ಹುಲ್ಲುಕಡ್ಡಿಯೂ ಉಳಿದಿರಲಿಲ್ಲ. ಬೇಲಿಯಿಂದ ಬೇಲಿಯವರೆಗೆ ಬರೀ ಕರಿ ಮಣ್ಣು. ನಾನು ನೆಟ್ಟ ಬಾರಿ ಹಣ್ಣಿನ ಗಿಡ, ಕವಳಿ ಹಣ್ಣಿನ ಮುಳ್ಳುಕಂಟಿ ಎಲ್ಲ ಬುಡಸಮೇತ ಕಿತ್ತು ಮೂಲೆಯಲ್ಲಿ ರಾಶಿ ಹಾಕಿದ್ದರು.

ಆ ಹುಲ್ಲಿಗೆ ನಾಲ್ಕು ವರ್ಷ ಹಿಡಿದಿತ್ತು. ಮೂವತ್ತು ವರ್ಷ ಶಾಲೆಯಲ್ಲಿ ಕನ್ನಡ ಕಲಿಸಿ, ಬಾಡಿಗೆ ಕೋಣೆಗಳಲ್ಲೇ ಕಾಲ ಹಾಕಿ, ನಿವೃತ್ತಿಯಾದ ಮೇಲೆ ಈ ಜಾಗ ಕೊಂಡೆ. ಮದುವೆ ಆಗಲಿಲ್ಲ, ಯಾಕೆ ಎಂದು ಕೇಳುವವರೂ ಈಗ ಉಳಿದಿಲ್ಲ. ಚಿಕ್ಕವಳಿದ್ದಾಗ ಶಾಲೆಯ ದಾರಿಯ ಎರಡೂ ಬದಿಗೆ ಎದೆಯೆತ್ತರ ಹುಲ್ಲು, ಅದರೊಳಗಿಂದ ಕವುಜುಗದ ಕೂಗು. ಮಣ್ಣುಬಣ್ಣದ ಹಕ್ಕಿ, ಹಾರುವುದಕ್ಕಿಂತ ಓಡುವುದೇ ಹೆಚ್ಚು. ಆ ಕೂಗು ಕಿವಿಗೆ ಬೀಳದೆ ಎಷ್ಟು ವರ್ಷ ಆಗಿತ್ತೋ! ನಾನು ಯಾರನ್ನೂ "ಬರ್ರಿ" ಎಂದು ಬಾಯಿಬಿಟ್ಟು ಕರೆದವಳಲ್ಲ. ಕರೆದು, ಅವರು ಬರದೇ ಹೋದರೆ ಎಂಬ ಅಂಜಿಕೆ. ಕರೆಯದೆ ಬರುವುದೇನಾದರೂ ಇದ್ದರೆ ಅದು ಹಕ್ಕಿಯೇ ಎಂದುಕೊಂಡೆ.

ಪಾರ್ಥೇನಿಯಂ ಕಿತ್ತು ಕಿತ್ತು ಕೈಯೆಲ್ಲ ತುರಿಕೆ. ರೈಲ್ವೆ ಹಳಿಯ ಪಕ್ಕ, ಗುಡಿಯ ಹಿಂದೆ, ಎಲ್ಲಿ ನಮ್ಮ ಹಳೆಯ ಹುಲ್ಲು ಕಂಡರೂ ತೆನೆ ಸವರಿ, ಸೆರಗಿನಲ್ಲಿ ಕಟ್ಟಿ ತಂದು ಚೆಲ್ಲಿದೆ. ಮೂರನೇ ಮಳೆಗಾಲದ ಒಂದು ಬೆಳಿಗ್ಗೆ ಹಿತ್ತಲಿಂದ ಕೂಗು ಬಂತು. ಹಲ್ಲುಜ್ಜುತ್ತಿದ್ದೆ, ಬ್ರಷ್ಷು ಬಾಯಲ್ಲೇ ಇಟ್ಟುಕೊಂಡು ಅತ್ತುಬಿಟ್ಟೆ. ಈ ಬೇಸಿಗೆಯಲ್ಲಿ ಬಾರಿ ಗಿಡದ ಬುಡದಲ್ಲಿ ತತ್ತಿ ಇಟ್ಟಿತು. ತಾಯಿ ಹಕ್ಕಿ ಇಲ್ಲದ ಹೊತ್ತು ನೋಡಿ ಎಣಿಸಿದ್ದೆ, ಏಳು. ನಾನು ಆಸ್ಪತ್ರೆಗೆ ಹೊರಟ ದಿನ ಅದು ಕಾವಿಗೆ ಕೂತಿತ್ತು.

ಇದನ್ನು ಗೌಡರಿಗೆ ಹೇಳಿರಲಿಲ್ಲ. ಅವರದು ಚೊಕ್ಕ ಒಕ್ಕಲುತನ. ದಾರಿಯಲ್ಲಿ ಒಂದು ಕಸ ಕಂಡರೂ ಬಗ್ಗಿ ಕಿತ್ತೇ ಮುಂದೆ ಹೋಗುವವರು. "ಯಾಕ್ರಿ ಬಾಯಾರ, ಹೊಲಾ ಹಿಂಗ ಬೀಳ ಬಿಟ್ಟೀರಿ?" ಎಂದು ಅವರು ಕೇಳಿದಾಗೆಲ್ಲ, ಹಕ್ಕಿಗಾಗಿ ಎನ್ನಲು ನನಗೆ ನಾಚಿಕೆ. ಮುದುಕಿಗೆ ಮರುಳು ಅಂದಾರು! ಅದಕ್ಕೆ ಈ ಸೀಮೆಯಲ್ಲಿ ಎಲ್ಲರೂ ಹೇಳುವುದನ್ನೇ ಹೇಳುತ್ತಿದ್ದೆ: "ಏನ್ ಮಾಡೂದ್ರಿ, ಆಳು ಸಿಗಂಗಿಲ್ರಿ." ನಾಲ್ಕು ವರ್ಷ ಹೇಳಿದೆ. ಅವರು ನಂಬಿದರು. ಆಸ್ಪತ್ರೆಯಿಂದ ಬರುವಷ್ಟರಲ್ಲಿ ಮಾಡಿಸಿಟ್ಟರೆ ಬಾಯಾರು ಖುಷಿಪಟ್ಟಾರು ಎಂದು ಟ್ರ್ಯಾಕ್ಟರ್ ತರಿಸಿದ್ದರು.

ಆದರೆ ಆವತ್ತು ಇಷ್ಟೆಲ್ಲ ಯೋಚಿಸುವ ತಾಳ್ಮೆ ನನಗೆಲ್ಲಿಯದು?

"ಯಾರ್ ಹೇಳಿದ್ರು ನಿಮಗ? ನನ್ನ ಹೊಲಕ್ಕ ಕಾಲಿಡಾಕ ಯಾರ್ ಹೇಳಿದ್ರು?" ಎಂದು ಕಿರುಚಿದೆ.

"ಕಸಾ ಭಾಳ ಆಗಿತ್ತಲ್ರಿ..."

"ಅದು ಕಸ ಅಲ್ರೀ! ಅದರಾಗ ಕವುಜುಗ ತತ್ತಿ ಇಟ್ಟಿತ್ತು. ಏಳು ತತ್ತಿ!"

ಗೌಡರು ತಲೆಯ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ದಿನಾ ಬಂದು ಕುಂಡ್ರತಿದ್ದೆ. ನನಗೊಂದ್ ಮಾತ ಹೇಳಬಾರದಿತ್ತೇನ್ರಿ, ಬಾಯಾರ?" ಎಂದರು.

ಗೇಟು ಹಾಕಿಕೊಂಡೆ.

ಮರುದಿನದಿಂದ ಅವರು ಬರುವುದು ನಿಂತಿತು. ಮಳೆ ಬಿತ್ತು. ಮೊದಲು ಎದ್ದದ್ದು ಪಾರ್ಥೇನಿಯಂ, ಹಾಳಾದ್ದು! ಮತ್ತೆ ಮೊದಲಿನಿಂದ ಕೀಳಲು ಕೂತೆ. ಹಕ್ಕಿಯ ಸುಳಿವಿಲ್ಲ. ಸಂಜೆ ಮಾತ್ರ ಕೈ ತಾನಾಗಿಯೇ ಇಬ್ಬರಿಗಾಗುವಷ್ಟು ಚಹಾಕ್ಕೆ ನೀರಿಡುತ್ತಿತ್ತು. ಉಳಿದದ್ದನ್ನು ಮೋರಿಗೆ ಚೆಲ್ಲುತ್ತಿದ್ದೆ. ಹಕ್ಕಿ ಹೋದದ್ದಕ್ಕಿಂತ ಕಟ್ಟೆ ಖಾಲಿಯಾದದ್ದೇ ಹೆಚ್ಚು ಕಾಡಿತು. ಇದನ್ನು ನನಗೆ ನಾನೇ ಒಪ್ಪಿಕೊಳ್ಳಲು ಒಂದು ತಿಂಗಳು ಬೇಕಾಯಿತು. ಹೋಗಿ ಕರೆಯಬಹುದಿತ್ತು. ಅವರ ಹೊಲದ ಕಡೆ ಮುಖ ಕೂಡ ತಿರುಗಿಸಲಿಲ್ಲ, ಅಂಥ ಸೊಕ್ಕು ನನ್ನದು.

ಶ್ರಾವಣದಲ್ಲಿ ಒಂದು ಬೆಳಿಗ್ಗೆ ಕೀಳುತ್ತ ಕೀಳುತ್ತ ಅವರ ಕಡೆಯ ಬೇಲಿಯ ಬುಡಕ್ಕೆ ಬಂದಿದ್ದೆ. ತಲೆ ಎತ್ತಿದರೆ ಗೌಡರ ಬದುವಿನ ಮೇಲೆ ಸೊಂಟದೆತ್ತರ ಹುಲ್ಲು. ಬದುವಿನ ಉದ್ದಕ್ಕೂ, ಎರಡು ಮಾರು ಅಗಲ, ಯಾರೂ ಕೈಹಚ್ಚಿರಲಿಲ್ಲ. ಹುಲ್ಲಿನ ಆಚೆ ಗೌಡರು ನಿಂತಿದ್ದರು. ನೆಲಕ್ಕೆ ಕೂತಿದ್ದ ನಾನು ಅವರಿಗೆ ಕಾಣುವಂತಿರಲಿಲ್ಲ.

ಅಷ್ಟರಲ್ಲಿ ರಸ್ತೆಯಲ್ಲಿ ಒಂದು ಬೈಕು ನಿಂತಿತು. ಊರಿನವರು ಯಾರೋ, "ಏನ್ರಿ ಗೌಡ್ರ! ನಿಮ್ಮ ಬದುವಿನ ಮ್ಯಾಲ ಕಸಾ? ನಿಮಗೇನಾತ್ರಿ?" ಎಂದು ಕೂಗಿ ನಕ್ಕರು.

ಗೌಡರು ಹುಲ್ಲಿನ ತೆನೆಗಳ ಮೇಲೆ ಕೈಯಾಡಿಸಿದರು. ಆಮೇಲೆ, "ಏನ್ ಮಾಡೂದಪಾ," ಎಂದರು, "ಆಳು ಸಿಗಂಗಿಲ್ಲ."

ಬೈಕು ಹೋಯಿತು. ಗೌಡರು ಬದು ಹಿಡಿದು ನಡೆದರು. ನಾನು ಎದ್ದು ನಿಂತೆ. "ಗೌಡ್ರ" ಎಂದೆ. ಅದು ನನಗೇ ಸರಿಯಾಗಿ ಕೇಳಿಸಲಿಲ್ಲ. ಅವರು ಆಗಲೇ ಬದುವಿನ ಕೊನೆ ಮುಟ್ಟುತ್ತಿದ್ದರು. ಮಣ್ಣುಗೈಯಲ್ಲೇ ಬೇಲಿ ಹಿಡಿದು, ಕೊನೆಯ ಬೆಂಚಿನವರಿಗೂ ಕೇಳುವಂತೆ ಕೂಗಿದೆ:

"ಗೌಡ್ರ! ಚಹಾ ಕುಡಿಯಾಕ ಬರ್ರೀ!"